ಫ್ಲಾರೆನ್ಸ್‌ನ ಪುಟ್ಟ ಬೂಟೀಕ್ ಹೋಟೆಲಿನಲ್ಲಿ ತಂಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲಾರೆನ್ಸ್‌ನ ಹಳೇ ಊರಿನೊಳಗಿನ ಹತ್ತು-ಹದಿನೈದು ಕೋಣೆಗಳ ಹೋಟೆಲ್‌ಗಳು ಬಹುಪಾಲು ಹೋಟೆಲಿಗೆಂದು ಕಟ್ಟಿದವಲ್ಲ. ಯಾವುದೋ ಶ್ರೀಮಂತ ಮನೆತನದ ಪಲಾಝೊ (ಹಳೇ ಮಹಲು), ಅದರ ಒಂದೋ ಎರಡೋ ಮಹಡಿಯಲ್ಲಿ ಹೋಟೆಲ್, ಮೇಲೆ ವಾಸದ ಮನೆಗಳು, ಕೆಳಗೆ ಚರ್ಮದ ಅಂಗಡಿ. ಅತಿಥಿಗಳ ಗೊಣಗಾಟದ ಬೇರು ಹೆಚ್ಚಾಗಿ ಈ ಕಟ್ಟಡದಲ್ಲೇ ಇರುತ್ತದೆ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಗೋಡೆ, ನಲ್ಲಿ, ಲಿಫ್ಟುಗಳ ಮಾತು ತುಸು ಹೆಚ್ಚೇ ಬರುತ್ತದೆ.

## ಕಾದಿರಿಸುವ ಮೊದಲು

ಬೂಟೀಕ್ ಹೋಟೆಲ್ ಅಂದ್ರೆ ಎಷ್ಟು ಸ್ಟಾರು?

ಬೂಟೀಕ್ ಎಂಬ ದರ್ಜೆ ಇಟಲಿಯ ಕಾನೂನಿನಲ್ಲಿಲ್ಲ, ಅದು ಮಾರಾಟದ ಮಾತು. ಹೋಟೆಲ್‌ಗಳಿಗೆ 1ರಿಂದ 5 ನಕ್ಷತ್ರಗಳಿವೆ. ಆರು ಕೋಣೆಗಳವರೆಗಿನವು ಸಾಮಾನ್ಯವಾಗಿ ‘ಅಫಿತ್ತಾಕಾಮೆರೆ’ ಎಂಬ ಬಾಡಿಗೆ ಕೋಣೆಗಳ ವರ್ಗಕ್ಕೆ ಬರುತ್ತವೆ, ಪಾರಂಪರಿಕ ಕಟ್ಟಡಗಳಲ್ಲಿರುವ ಕೆಲವು ‘ರೆಸಿದೆಂತ್ಸಾ ದೆಪೊಕಾ’ ಎಂದು ನೋಂದಾಯಿತವಾಗಿರುತ್ತವೆ. ಇದರಿಂದ ನಿಮಗೇನು ವ್ಯತ್ಯಾಸ ಎಂದರೆ, ಹೋಟೆಲ್ ಅಲ್ಲದ ವರ್ಗದಲ್ಲಿ ರಾತ್ರಿಯಿಡೀ ರಿಸೆಪ್ಷನ್ ಇರುತ್ತದೆಂದು ಎಣಿಸುವಂತಿಲ್ಲ. ಚಿತ್ರಗಳು ಎರಡು ಕಡೆಯೂ ಒಂದೇ ಥರ ಚೆಂದ ಇರುತ್ತವೆ. ಹಾಗಾಗಿ ಕೇಳಬೇಕಾದದ್ದು ನಕ್ಷತ್ರವನ್ನಲ್ಲ, ‘ರಾತ್ರಿ ಎಷ್ಟು ಗಂಟೆವರೆಗೆ ಮನುಷ್ಯರು ಇರುತ್ತಾರೆ’ ಎಂಬುದನ್ನು.

ಅಸಲಿಯೋ ಅಲ್ಲವೋ ನೋಡಲು ಒಂದು ದಾರಿ ಇದೆ. 2025ರ ಜನವರಿಯಿಂದ ಪ್ರವಾಸಿ ವಸತಿಗಳು ರಾಷ್ಟ್ರೀಯ ಗುರುತು ಸಂಖ್ಯೆ (ಸಿಐಎನ್) ಪಡೆದು ಜಾಹೀರಾತಿನಲ್ಲೂ ಬಾಗಿಲ ಬಳಿಯೂ ತೋರಿಸಬೇಕು. ಬುಕಿಂಗ್ ಪುಟದಲ್ಲಿ ಆ ಸಂಖ್ಯೆ ಕಾಣದಿದ್ದರೆ ಕೇಳಿ. ಕೊಡಲು ತಡವರಿಸಿದರೆ ಬೇರೆ ಕಡೆ ನೋಡಿ.

ವೀಸಾಗೆ ಬುಕಿಂಗ್ ಪತ್ರ ಬೇಕು. ಸಿಗದಿದ್ರೆ ಕ್ಯಾನ್ಸಲ್ ಮಾಡಬಹುದಾ?

ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ) ವೀಸಾ ಅರ್ಜಿಗೆ ಹೋಟೆಲ್ ದೃಢೀಕರಣ ಬೇಕೇ ಬೇಕು. ಬೆಂಗಳೂರಿನಿಂದ ಅರ್ಜಿ ಹಾಕುವವರು ಎಡವುವುದು ಹೆಸರುಗಳಲ್ಲಿ. ನಾಲ್ವರು ಹೊರಟಿದ್ದರೂ ಬುಕಿಂಗ್ ಪತ್ರದಲ್ಲಿ ಕಾರ್ಡ್ ಕೊಟ್ಟವರ ಹೆಸರು ಮಾತ್ರ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಎಲ್ಲರ ಹೆಸರು (ಇನಿಷಿಯಲ್ ಇದ್ದರೆ ಅದರ ವಿಸ್ತೃತ ರೂಪ), ಪಾಸ್‌ಪೋರ್ಟ್ ಸಂಖ್ಯೆ, ಬರುವ ಹೋಗುವ ದಿನಾಂಕ ಬರೆದು ಹೋಟೆಲಿಗೆ ಮೇಲ್ ಮಾಡಿದರೆ ಲೆಟರ್‌ಹೆಡ್‌ನಲ್ಲಿ ಪತ್ರ ಕೊಡುತ್ತಾರೆ, ಸಣ್ಣ ಹೋಟೆಲ್‌ಗಳಲ್ಲಿ ಇದು ದೊಡ್ಡವುಗಳಿಗಿಂತ ಬೇಗ ಆಗುತ್ತದೆ.

ರದ್ದತಿ ದರದ ಮೇಲೆ ನಿಂತಿದೆ. ಮರುಪಾವತಿ ಇಲ್ಲದ ದರ ಅಗ್ಗವಾಗಿ ಕಾಣುತ್ತದೆ, ವೀಸಾ ಕೈಗೆ ಬರುವ ಮೊದಲು ಅದನ್ನು ಮುಟ್ಟಬೇಡಿ. ವೀಸಾ ಬಂದ ಕೂಡಲೇ ಆ ಬುಕಿಂಗ್ ರದ್ದು ಮಾಡಿ ಅಗ್ಗದ್ದನ್ನು ಹುಡುಕುವವರಿದ್ದಾರೆ. ಹಾಗೆ ಮಾಡುವುದಾದರೆ ಹೊಸ ಬುಕಿಂಗ್ ಪತ್ರ ಕೈಯಲ್ಲಿರಲಿ, ಎಲ್ಲಿ ಉಳಿಯುತ್ತೀರಿ ಎಂದು ವಲಸೆ ಅಧಿಕಾರಿ ಕೇಳಬಹುದು.

ಯಾವ ತಿಂಗಳಲ್ಲಿ ಬಾಡಿಗೆ ಜಾಸ್ತಿ?

ಏಪ್ರಿಲ್‌ನಿಂದ ಜೂನ್, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್. ಗೊತ್ತಿಲ್ಲದೆ ಸಿಕ್ಕಿಬೀಳುವುದು ಜನವರಿಯಲ್ಲಿ. ಚಳಿಗಾಲ, ಅಗ್ಗ ಇರುತ್ತದೆಂದು ಬಂದವರಿಗೆ ‘ಪಿತ್ತಿ ಉವೊಮೊ’ ಫ್ಯಾಷನ್ ಮೇಳದ ವಾರ ಎದುರಾಗುತ್ತದೆ. ಆ ವಾರ ಇಡೀ ಊರು ತುಂಬಿರುತ್ತದೆ. ಅದೇ ಮೇಳ ಜೂನ್‌ನಲ್ಲೂ ಇದೆ. ಜೂನ್ 24 ಊರ ಸಂತ ಯೊಹಾನನ ಹಬ್ಬ, ರಾತ್ರಿ ಪಟಾಕಿ. ಆಗಸ್ಟ್ 15ರ ಆಸುಪಾಸಿನಲ್ಲಿ ಊರಿನವರೇ ಊರು ಬಿಟ್ಟಿರುತ್ತಾರೆ, ಸಣ್ಣ ಊಟದ ಮನೆಗಳು ಮುಚ್ಚಿರುತ್ತವೆ, ಸೆಕೆ ವಿಪರೀತ.

ಡುವೊಮೊ ಕಾಣೋ ರೂಮ್‌ಗೆ ಅಷ್ಟೊಂದು ಜಾಸ್ತಿ ಕೊಡಬಹುದಾ?

ನಮ್ಮ ಅಭಿಪ್ರಾಯ ಕೇಳಿದರೆ, ಬೇಡ. ಡುವೊಮೊ ಎಂದರೆ ಊರ ಮುಖ್ಯ ಕೆಥೆಡ್ರಲ್, ಅದರ ಗುಮ್ಮಟವನ್ನು ನೀವು ದಿನವಿಡೀ ಬೀದಿಯಿಂದ ನೋಡುತ್ತೀರಿ. ಅದೇ ಹಣವನ್ನು ಒಳಅಂಗಳದ ಕಡೆಗಿನ ಕೋಣೆಗೆ ಅಥವಾ ಲಿಫ್ಟ್ ಇರುವ ಹೋಟೆಲಿಗೆ ಹಾಕಿ. ಬೀದಿ ಬದಿಯ ಕೋಣೆಗಳಲ್ಲಿ ರಾತ್ರಿ ಒಂದರವರೆಗೆ ಮಾತುಕತೆ, ಅದಾದ ಮೇಲೆ ಬಾರ್‌ಗಳ ಗಾಜಿನ ಬಾಟಲಿ ಸುರಿದುಕೊಳ್ಳುವ ಕಸದ ಲಾರಿ, ಬೆಳಿಗ್ಗೆ ಗಂಟೆಗಳ ನಾದ. ಸಾಂತೊ ಸ್ಪಿರಿತೊ, ಸಾಂತ ಆಂಬ್ರೋಜೊ, ಸಾಂತಾ ಕ್ರೋಚೆ ಚೌಕಗಳ ಸುತ್ತ ಶುಕ್ರವಾರ-ಶನಿವಾರ ಇನ್ನೂ ಜೋರು. ಮೇಲ್ ಬರೆಯುವಾಗ ‘ಶಾಂತವಾದ ಕೋಣೆ ಕೊಡಿ’ ಎನ್ನಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ‘ಸುಲ್ ಕೊರ್ತೀಲೆ’, ಅಂದರೆ ಅಂಗಳದ ಕಡೆ, ಎಂದು ಖಚಿತವಾಗಿ ಕೇಳಿ. ಜೋಡಿ ಗಾಜಿನ ಕಿಟಕಿ ಇದೆಯೇ ಎಂದೂ ವಿಚಾರಿಸಿ.

ಅಪ್ಪ-ಅಮ್ಮ ಜೊತೆಗಿದಾರೆ. ಲಿಫ್ಟ್ ಇದೆಯಾ ಅಂದ್ರೆ ‘ಇದೆ’ ಅಂದ್ರು. ಸಾಕಲ್ವಾ?

ಸಾಲದು. ಮೂರು ಪ್ರಶ್ನೆ ಕೇಳಿ: ಲಿಫ್ಟ್ ಬೀದಿ ಮಟ್ಟದಿಂದಲೇ ಶುರುವಾಗುತ್ತದೆಯೇ, ಬಾಗಿಲ ಅಗಲ ಎಷ್ಟು ಸೆಂಟಿಮೀಟರ್, ಲಿಫ್ಟ್‌ನಿಂದ ಕೋಣೆಗೆ ಎಷ್ಟು ಮೆಟ್ಟಿಲು. ಹಳೇ ಪಲಾಝೊಗಳಲ್ಲಿ ಲಿಫ್ಟನ್ನು ಮೆಟ್ಟಿಲ ಸುತ್ತಿನ ನಡುವಿನ ಕಿರಿದಾದ ಜಾಗದಲ್ಲೋ ಅಂಗಳದ ಮೂಲೆಯಲ್ಲೋ ತೂರಿಸಿರುತ್ತಾರೆ. ಇಬ್ಬರು ನಿಂತರೆ ಮುಗಿಯಿತು, ದೊಡ್ಡ ಸೂಟ್‌ಕೇಸ್ ಒಂದೇ ಹೋಗಬೇಕು. ಮಡಚುವ ಗಾಲಿಕುರ್ಚಿಗೆ ಸುಮಾರು 65ರಿಂದ 70 ಸೆಂಟಿಮೀಟರ್ ಅಗಲ ಬೇಕಾಗುತ್ತದೆ, ಹಲವು ಲಿಫ್ಟ್‌ಗಳ ಬಾಗಿಲು ಅದಕ್ಕಿಂತ ಕಿರಿದು. ಕಟ್ಟಡಕ್ಕೆ ಪಾರಂಪರಿಕ ರಕ್ಷಣೆ ಇದ್ದರೆ ಮಾಲೀಕರು ಬಯಸಿದರೂ ಗೋಡೆ ಒಡೆದು ದೊಡ್ಡದು ಮಾಡಲಾಗದು.

‘ಒಂದನೇ ಮಹಡಿ ತಾನೇ, ಹತ್ತುತ್ತಾರೆ ಬಿಡಿ’ ಎಂದುಕೊಳ್ಳುವುದು ಇನ್ನೊಂದು ಎಡವಟ್ಟು. ಪಲಾಝೊದ ಮೊದಲ ಮಹಡಿ ಮನೆತನದವರ ದರ್ಬಾರಿನ ಮಹಡಿ. ಅದರ ಕೆಳಗಿನ ನೆಲ ಅಂತಸ್ತಿನ ಚಾವಣಿ ಬಲು ಎತ್ತರ, ನಡುವೆ ಅರ್ಧ ಅಂತಸ್ತೂ ಇರಬಹುದು. ಬೆಂಗಳೂರಿನ ಮನೆಯ ಎರಡು ಮಹಡಿ ಹತ್ತಿದಷ್ಟು ಆಗುವುದುಂಟು. ಒಟ್ಟು ಮೆಟ್ಟಿಲು ಎಷ್ಟೆಂದು ಎಣಿಸಿ ಹೇಳಿ ಎಂದರೆ ಒಳ್ಳೆಯ ಹೋಟೆಲಿನವರು ನಿಜಕ್ಕೂ ಎಣಿಸಿ ಹೇಳುತ್ತಾರೆ.

ಡಬಲ್ ರೂಮ್ ಅಂತ ಬುಕ್ ಮಾಡಿದ್ರೆ ಒಂದೇ ಮಂಚ ಸಿಗುತ್ತಾ?

ದಂಪತಿಗಳಿಗೆ ‘ಮಾತ್ರಿಮೊನಿಯಾಲೆ’ (ಜೋಡಿ ಮಂಚ) ಕೇಳಿ, ಗೆಳೆಯರಿಗೆ ‘ದುವೆ ಲೆತ್ತಿ’ (ಎರಡು ಮಂಚ) ಎಂದು ಬರೆಯಿರಿ. ಮಾತ್ರಿಮೊನಿಯಾಲೆ ಎಂದರೂ ಹಲವು ಕಡೆ ಎರಡು ಮಂಚ ಜೋಡಿಸಿ ಹೊದಿಕೆ ಹಾಸಿರುತ್ತಾರೆ, ನಡುವಿನ ಸಂದು ಬೆನ್ನಿಗೆ ತಿಳಿಯುತ್ತದೆ. ‘ಆಲ್ಲಾ ಫ್ರಾಂಚೆಸೆ’ ಎಂದಿದ್ದರೆ ಸುಮಾರು 140 ಸೆಂಟಿಮೀಟರ್ ಅಗಲದ ಮಂಚ, ಇಬ್ಬರಿಗೆ ಇಕ್ಕಟ್ಟು. ಮೂರನೆಯ ಹಾಸಿಗೆ ಹಾಕಿದರೆ ಸೂಟ್‌ಕೇಸ್ ಬಿಚ್ಚಲು ಜಾಗ ಉಳಿಯುವುದಿಲ್ಲ. ಮಕ್ಕಳಿಬ್ಬರು ಇದ್ದರೆ ಎರಡು ಕೋಣೆಯೇ ಸರಿ.

## ಬಂದಿಳಿದ ದಿನ

ಏರ್‌ಪೋರ್ಟ್‌ನಿಂದ, ಸ್ಟೇಷನ್‌ನಿಂದ ಹೇಗೆ ಬರೋದು?

ಪೆರೆತೋಲಾ ವಿಮಾನ ನಿಲ್ದಾಣದಿಂದ ಟಿ2 ಟ್ರಾಮ್ ಹತ್ತಿದರೆ ಅರ್ಧ ಗಂಟೆಯೊಳಗೆ ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದ ಬಳಿ ಇಳಿಯಬಹುದು. 2025ರ ಆರಂಭದಿಂದ ಅದೇ ಟ್ರಾಮ್ ಸಾನ್ ಮಾರ್ಕೊ ಚೌಕದವರೆಗೂ ಹೋಗುತ್ತದೆ. ಹತ್ತುವ ಮೊದಲೇ ಟಿಕೆಟ್ ತೆಗೆದುಕೊಂಡು, ಒಳಗೆ ಯಂತ್ರದಲ್ಲಿ ಮುದ್ರೆ ಒತ್ತಿಸಿ. ಟಿಕೆಟ್ ಇದ್ದೂ ಮುದ್ರೆ ಇಲ್ಲದಿದ್ದರೆ ದಂಡ.

ರೈಲಿನಲ್ಲಿ ಬರುವವರು ಟಿಕೆಟ್‌ನಲ್ಲಿ ನಿಲ್ದಾಣದ ಪೂರ್ತಿ ಹೆಸರು ನೋಡಿ. ಫಲಕಗಳಲ್ಲಿ ಊರಿನ ಹೆಸರು ಫಿರೆಂತ್ಸೆ. ಕೆಲವು ರೈಲುಗಳು ಕಾಂಪೊ ದಿ ಮಾರ್ತೆ ಅಥವಾ ರಿಫ್ರೆದಿಯಲ್ಲಿ ಮಾತ್ರ ನಿಲ್ಲುತ್ತವೆ, ಅಲ್ಲಿ ಇಳಿದು ಡುವೊಮೊ ಹುಡುಕುವವರು ಯಾವಾಗಲೂ ಇರುತ್ತಾರೆ. ನೊವೆಲ್ಲಾದಿಂದ ಡುವೊಮೊಗೆ ಹತ್ತು ನಿಮಿಷದ ನಡಿಗೆ. ದಾರಿಯುದ್ದಕ್ಕೂ ಕಲ್ಲುಹಾಸು. ಸಣ್ಣ ಗಾಲಿಯ ಸೂಟ್‌ಕೇಸ್‌ನ ಗಾಲಿ ಕಳಚುವುದು ಇಲ್ಲೇ. 23 ಕಿಲೋದ ಎರಡು ಪೆಟ್ಟಿಗೆ ಇದ್ದರೆ ನಿಲ್ದಾಣದ ಟ್ಯಾಕ್ಸಿ ಸಾಲಿಗೆ ಹೋಗಿ. ಬೀದಿಯಲ್ಲಿ ಕೈ ಅಡ್ಡ ಹಿಡಿದರೆ ಟ್ಯಾಕ್ಸಿ ನಿಲ್ಲುವ ಖಾತ್ರಿ ಇಲ್ಲ, ಸಾಲಿನಿಂದಲೋ ಫೋನ್ ಮಾಡಿಯೋ ಹತ್ತಬೇಕು.

ವಿಳಾಸದ ನಂಬರ್ ಮುಂದೆ ನಿಂತಿದೀವಿ. ಇಲ್ಲಿ ಬ್ಯಾಗ್ ಅಂಗಡಿ ಇದೆ, ಹೋಟೆಲ್ ಎಲ್ಲಿ?

ಫ್ಲಾರೆನ್ಸ್‌ನಲ್ಲಿ ಒಂದೇ ಬೀದಿಗೆ ಎರಡು ಸಾಲು ಸಂಖ್ಯೆಗಳಿವೆ. ಅಂಗಡಿ-ವ್ಯಾಪಾರಕ್ಕೆ ಕೆಂಪು ಸಂಖ್ಯೆ, ಮನೆ-ಕಟ್ಟಡಗಳಿಗೆ ಕಪ್ಪು ಅಥವಾ ನೀಲಿ. ಕೆಂಪು 12 ಮತ್ತು ನೀಲಿ 12ರ ನಡುವೆ ನೂರಾರು ಅಡಿ ದೂರ ಇರಬಹುದು. ವಿಳಾಸದಲ್ಲಿ ಅಂಕಿಯ ನಂತರ ‘ಆರ್’ ಅಕ್ಷರ ಇದ್ದರೆ ಕೆಂಪು, ಇಲ್ಲದಿದ್ದರೆ ನೀಲಿ. ಪಲಾಝೊದ ಮಹಡಿಯಲ್ಲಿರುವ ಹೋಟೆಲ್‌ಗಳದ್ದು ಸಾಮಾನ್ಯವಾಗಿ ನೀಲಿ. ನಕ್ಷೆಯ ಆ್ಯಪ್‌ಗಳು ಇದನ್ನು ಆಗಾಗ ಕಲಸಿಬಿಡುತ್ತವೆ.

ಬೋರ್ಡು ಅಂಗೈ ಅಗಲದ ಹಿತ್ತಾಳೆ ಫಲಕವೇ ಆಗಿರಬಹುದು. ಕರೆಗಂಟೆ ಪಟ್ಟಿಯಲ್ಲಿ ಹೋಟೆಲ್ ಹೆಸರಿನ ಗುಂಡಿ ಒತ್ತಿ, ‘ಜ್ಜ್’ ಎಂದಾಗ ಭಾರದ ಬಾಗಿಲನ್ನು ತಳ್ಳಿ. ಹೊರಹೋಗುವಾಗ ಬಾಗಿಲು ತೆರೆಯುತ್ತಿಲ್ಲವೆಂದು ಗಾಬರಿಯಾಗುವವರು ಬಹಳ. ಒಳಗೋಡೆಯಲ್ಲಿ ಕೀಲಿಕೈ ಚಿತ್ರದ ಗುಂಡಿ ಇರುತ್ತದೆ, ಅದನ್ನು ಒತ್ತಬೇಕು.

ಬಾಡಿಗೆ ಕಾರಲ್ಲಿ ನೇರ ಹೋಟೆಲ್ ಬಾಗಿಲಿಗೇ ಬರಬಹುದಾ?

ಹೋಟೆಲಿಗೆ ಮೊದಲೇ ತಿಳಿಸದೆ ಬರಬೇಡಿ. ಹಳೇ ಊರು ಪೂರ್ತಿ ಝಡ್‌ಟಿಎಲ್, ಅಂದರೆ ನಿರ್ಬಂಧಿತ ಸಂಚಾರ ವಲಯ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 7.30ರಿಂದ ರಾತ್ರಿ 8, ಶನಿವಾರ ಬೆಳಿಗ್ಗೆ 7.30ರಿಂದ ಸಂಜೆ 4. ಬೇಸಿಗೆಯ ತಿಂಗಳುಗಳಲ್ಲಿ ಗುರುವಾರ, ಶುಕ್ರವಾರ, ಶನಿವಾರ ರಾತ್ರಿ 11ರಿಂದ 3ರವರೆಗೂ ಇದೆ. ತಡೆಗಂಬ ಇಲ್ಲ, ಪೊಲೀಸ್ ಇಲ್ಲ, ಕ್ಯಾಮೆರಾ ಮಾತ್ರ. ನೀವು ಒಳಗೆ ಬಂದದ್ದು ನಿಮಗೇ ಗೊತ್ತಾಗುವುದಿಲ್ಲ. ತಿಂಗಳುಗಳ ನಂತರ ಮನೆಗೆ ದಂಡದ ಪತ್ರ ಬರುತ್ತದೆ, ನಿಮ್ಮ ವಿಳಾಸ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿ ಬೇರೆ ಶುಲ್ಕ ಕಡಿಯುತ್ತದೆ. ದಾರಿ ತಪ್ಪಿ ಮೂರು ಕ್ಯಾಮೆರಾ ದಾಟಿದರೆ ಮೂರು ದಂಡ ಬರಬಹುದು.

ಸರಿಯಾದ ಕ್ರಮ ಇದು. ಕಾರು ಕೈಗೆ ಬಂದ ಕೂಡಲೇ ನಂಬರ್ ಪ್ಲೇಟಿನ ಚಿತ್ರ ತೆಗೆದು, ಬರುವ ಸಮಯದೊಂದಿಗೆ ಹೋಟೆಲಿಗೆ ಕಳಿಸಿ. ಅವರು ಆ ಸಂಖ್ಯೆಯನ್ನು ನಗರಪಾಲಿಕೆಯ ವ್ಯವಸ್ಥೆಗೆ ಸೇರಿಸುತ್ತಾರೆ. ಇದು ಸಾಮಾನು ಇಳಿಸುವ ಮಟ್ಟಿಗಿನ ಪರವಾನಗಿ, ಆಮೇಲೆ ಕಾರು ಗ್ಯಾರೇಜಿಗೆ ಹೋಗಬೇಕು. ‘ಕಳಿಸಿದ್ದೇವೆ’ ಎಂಬುದಷ್ಟೇ ಸಾಲದು, ‘ನೋಂದಾಯಿಸಿದ್ದೇವೆ’ ಎಂಬ ಉತ್ತರ ಲಿಖಿತವಾಗಿ ಬರಲಿ. ಅಂಕಿ ಸೊನ್ನೆಯೋ ಅಕ್ಷರ ಓ-ನೋ ಎಂಬ ಗೊಂದಲದಲ್ಲೇ ಅರ್ಧ ದಂಡಗಳು ಹುಟ್ಟುವುದು. ಭಾರತದ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. ಊರು ನೋಡಲು ಕಾರೇ ಬೇಡ, ಟಸ್ಕನಿಯ ಹಳ್ಳಿಗಳಿಗೆ ಹೋಗುವ ದಿನ ತೆಗೆದುಕೊಂಡರಾಯಿತು.

ಪಾಸ್‌ಪೋರ್ಟ್ ಯಾಕೆ ಇಸ್ಕೊಳ್ತಾರೆ? ಮೊಬೈಲಲ್ಲಿ ಫೋಟೊ ಇದೆಯಲ್ಲ?

ತಂಗುವ ಪ್ರತಿಯೊಬ್ಬರ ವಿವರವನ್ನೂ 24 ಗಂಟೆಯೊಳಗೆ ಪೊಲೀಸರ ಆನ್‌ಲೈನ್ ವ್ಯವಸ್ಥೆಗೆ ಕಳಿಸುವುದು ಹೋಟೆಲಿನ ಕಾನೂನುಬದ್ಧ ಕರ್ತವ್ಯ. 1931ರ ಸಾರ್ವಜನಿಕ ಭದ್ರತಾ ಕಾಯ್ದೆಯಿಂದ ಬಂದ ನಿಯಮ. ಆದ್ದರಿಂದ ಮಕ್ಕಳದ್ದೂ ಸೇರಿ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ವಿವರ ಬರೆದುಕೊಂಡ ಮೇಲೆ ವಾಪಸ್ ಕೊಡಬೇಕು, ರಾತ್ರಿಯಿಡೀ ಇಟ್ಟುಕೊಳ್ಳುವ ಅಗತ್ಯವಿಲ್ಲ.

ಈ ನೋಂದಣಿಯಿಂದ ನಿಮಗೂ ಒಂದು ಅನುಕೂಲ ಇದೆ. ಪ್ಯಾರಿಸ್‌ನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಷೆಂಗೆನ್ ಪ್ರವೇಶಿಸಿ ಅಲ್ಲಿಂದ ಇಟಲಿಗೆ ಬಂದವರು 8 ದಿನಗಳೊಳಗೆ ‘ಇಲ್ಲಿದ್ದೇನೆ’ ಎಂದು ಘೋಷಿಸಬೇಕು. ಹೋಟೆಲಿನಲ್ಲಿ ಇಳಿದವರಿಗೆ ಹೋಟೆಲಿನ ನೋಂದಣಿಯೇ ಆ ಘೋಷಣೆ. ಮುಂದೆ ನೆಂಟರ ಮನೆಗೆ ಹೋಗುವವರಾದರೆ ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ.

ಆನ್‌ಲೈನಲ್ಲಿ ಪೂರ್ತಿ ದುಡ್ಡು ಕೊಟ್ಟಾಗಿದೆ, ಮತ್ತೆ ಯಾವ ತೆರಿಗೆ ಕೇಳ್ತಿದಾರೆ?

ಅದು ನಗರಪಾಲಿಕೆಯ ವಸತಿ ತೆರಿಗೆ. ತಲೆಗೆ, ರಾತ್ರಿಗೆ, ನಕ್ಷತ್ರಕ್ಕೆ ತಕ್ಕಂತೆ. 2023ರಲ್ಲಿ ಪರಿಷ್ಕರಿಸಿದಾಗ ಒಂದು ನಕ್ಷತ್ರಕ್ಕೆ 3.50 ಯೂರೊದಿಂದ ಐದು ನಕ್ಷತ್ರಕ್ಕೆ 8 ಯೂರೊವರೆಗೆ ಇತ್ತು. ಮೂರು ನಕ್ಷತ್ರಕ್ಕೆ 6 ಎಂದಿಟ್ಟುಕೊಂಡರೆ ಇಬ್ಬರು ಮೂರು ರಾತ್ರಿ ಉಳಿದಾಗ 36 ಯೂರೊ. ಸತತ 7 ರಾತ್ರಿಯವರೆಗೆ ಮಾತ್ರ ಲೆಕ್ಕ, 12 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಬುಕಿಂಗ್ ಮೊತ್ತದಲ್ಲಿ ಇದು ಸಾಮಾನ್ಯವಾಗಿ ಸೇರಿರುವುದಿಲ್ಲ, ಕಟ್ಟಿದ್ದಕ್ಕೆ ರಸೀದಿ ಪಡೆಯಿರಿ.

ನನ್ನ ಫಾರೆಕ್ಸ್ ಕಾರ್ಡ್ ಹೋಟೆಲಲ್ಲಿ ನಡೀತಿಲ್ಲ, ಹಣ ಇದೆಯಲ್ಲ?

ಹಣ ಕಡಿಯಲು ನಡೆಯುತ್ತದೆ, ತಡೆಹಿಡಿಯಲು ನಡೆಯದಿರಬಹುದು. ಹೋಟೆಲಿನವರು ಬಂದ ದಿನ ಒಂದಷ್ಟು ಮೊತ್ತವನ್ನು ಭದ್ರತೆಗಾಗಿ ತಡೆಹಿಡಿಯುತ್ತಾರೆ. ಪ್ರೀಪೇಯ್ಡ್ ಕಾರ್ಡ್‌ಗಳಲ್ಲಿ ಇದು ತಿರಸ್ಕೃತವಾಗುವುದು, ಅಥವಾ ಬಿಡುಗಡೆಯಾಗಲು ವಾರಗಟ್ಟಲೆ ಹಿಡಿಯುವುದು ಸಾಮಾನ್ಯ. ತಡೆಗೆ ಕ್ರೆಡಿಟ್ ಕಾರ್ಡ್ ಕೊಟ್ಟು, ಕೊನೆಯ ದಿನ ಪಾವತಿಗೆ ಫಾರೆಕ್ಸ್ ಕಾರ್ಡ್ ಬಳಸಿ. ಯಂತ್ರ ‘ರೂಪಾಯಿಯೋ ಯೂರೊನೋ’ ಎಂದು ಕೇಳಿದರೆ ಯೂರೊ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ನಿಮ್ಮ ಬ್ಯಾಂಕಿನದಲ್ಲ, ಯಂತ್ರದವರದ್ದು, ಅದು ಯಾವಾಗಲೂ ದುಬಾರಿ.

## ಕೋಣೆಯೊಳಗೆ

ಸ್ನಾನದ ಮನೆಯಲ್ಲಿ ನೆಲಕ್ಕೆ ನೀರು ಹೋಗೋ ತೂತೇ ಇಲ್ಲ! ಬಕೆಟ್ ಸಿಗುತ್ತಾ?

ಭಾರತದಿಂದ ಬಂದ ಅತಿಥಿಗಳ ಕೋಣೆಯಲ್ಲಿ ಆಗುವ ಅತಿ ದೊಡ್ಡ ಅನಾಹುತ ಇದೇ. ಇಲ್ಲಿನ ಸ್ನಾನದ ಮನೆಯ ನೆಲ ಒಣಗಿಯೇ ಇರಬೇಕಾದ ನೆಲ. ಮೋರಿ ಇಲ್ಲ, ಇಳಿಜಾರೂ ಇಲ್ಲ. ಚೊಂಬಿನಲ್ಲಿ ಮೈಮೇಲೆ ನೀರು ಹುಯ್ದುಕೊಂಡರೆ ಅದು ಹಂಚಿನ ಸಂದಿಯಿಂದ ಮರದ ತೊಲೆಗೆ, ಅಲ್ಲಿಂದ ಕೆಳಮನೆಯ ಚಾವಣಿಗೆ ಇಳಿಯುತ್ತದೆ. ಆ ಚಾವಣಿಯಲ್ಲಿ ಇನ್ನೂರು ವರ್ಷ ಹಳೆಯ ಚಿತ್ರ ಇದ್ದರಂತೂ ಮಾತೇ ಬೇಡ. ಷವರ್ ಪೆಟ್ಟಿಗೆಯೊಳಗೇ ನಿಂತು, ಬಾಗಿಲು ಪೂರ್ತಿ ಎಳೆದುಕೊಂಡು ಸ್ನಾನ ಮಾಡಿ. ಪರದೆ ಇದ್ದರೆ ಅದರ ಅಂಚು ತಟ್ಟೆಯ ಒಳಗಿರಲಿ.

ಶೌಚಕ್ಕೆ ಕೈ ಷವರ್ ಸಾಮಾನ್ಯವಾಗಿ ಇರುವುದಿಲ್ಲ, ಪಕ್ಕದಲ್ಲಿ ಬಿಡೆ, ಅಂದರೆ ಕುಳಿತು ತೊಳೆದುಕೊಳ್ಳಲು ನಲ್ಲಿಯಿರುವ ತಗ್ಗಿನ ಬೋಗುಣಿ, ಇರುತ್ತದೆ. ಮನೆಗಳಲ್ಲಿ ಬಿಡೆ ಇರಲೇಬೇಕೆಂದು ಇಟಲಿಯ ಆರೋಗ್ಯ ಸಚಿವಾಲಯ 1975ರಲ್ಲೇ ಆದೇಶ ಮಾಡಿದೆ, ಹಾಗಾಗಿ ಈ ದೇಶದಲ್ಲಿ ಕಾಗದ ಒಂದನ್ನೇ ನಂಬಬೇಕಾದ ಕಷ್ಟ ಇಲ್ಲ. ಮೊದಲು ಕಾಗದ ಬಳಸಿ, ನಂತರ ನಲ್ಲಿಯ ಕಡೆ ಮುಖ ಮಾಡಿ ಕುಳಿತು, ನೀರಿನ ಬಿಸಿ ಹದ ಮಾಡಿಕೊಂಡು ಕೈಯಿಂದ ತೊಳೆದುಕೊಳ್ಳುವುದು. ಪಕ್ಕದ ಕೊಂಡಿಯಲ್ಲಿರುವ ಸಣ್ಣ ಟವೆಲ್ ಅದಕ್ಕೇ ಮೀಸಲು, ಮುಖಕ್ಕಲ್ಲ. ಚೊಂಬೇ ಬೇಕೆನ್ನುವವರು ಸಣ್ಣ ಪ್ಲಾಸ್ಟಿಕ್ ಮಗ್ ತಂದುಕೊಂಡರೆ ತಪ್ಪಿಲ್ಲ, ನೀರು ನೆಲಕ್ಕೆ ಚೆಲ್ಲದಿದ್ದರೆ ಸಾಕು.

ಷವರ್ ಪಕ್ಕ ನೇತಾಡ್ತಿರೋ ದಾರ ಬಟ್ಟೆ ಒಣಗಿಸೋಕಾ?

ಅಲ್ಲ, ಅದು ತುರ್ತು ಕರೆಯ ದಾರ. ಜಾರಿ ಬಿದ್ದವರು ಎಳೆಯಲೆಂದು ಇರುವುದು. ಎಳೆದರೆ ರಿಸೆಪ್ಷನ್‌ನಲ್ಲಿ ಗಂಟೆ ಬಾರಿಸುತ್ತದೆ. ತಪ್ಪಿ ಎಳೆದಿದ್ದರೆ ಫೋನ್ ಮಾಡಿ ಹೇಳಿ. ವಯಸ್ಸಾದವರಿಗೆ ಅದರ ಉಪಯೋಗ ಮೊದಲ ದಿನವೇ ತೋರಿಸಿಕೊಡಿ. ಬಟ್ಟೆ ಒಣಗಿಸಲು ಮಡಚುವ ಸ್ಟ್ಯಾಂಡ್ ಕೇಳಿದರೆ ಕೊಡುತ್ತಾರೆ, ಬೀದಿ ಕಡೆಯ ಕಿಟಕಿಗೆ ನೇತುಹಾಕಬೇಡಿ.

‘ಸಿ’ ಅಂತ ಇರೋ ನಲ್ಲಿ ತಿರುಗಿಸಿದ್ರೆ ಸುಡೋ ನೀರು ಬಂತು. ಮತ್ತೆ ಎರಡನೆಯವರಿಗೆ ಬಿಸಿನೀರೇ ಇಲ್ಲ.

ಇಲ್ಲಿ ಸಿ ಎಂದರೆ ಬಿಸಿ, ಎಫ್ ಎಂದರೆ ತಣ್ಣೀರು. ಮಕ್ಕಳಿಗೆ ಮೊದಲೇ ಹೇಳಿಡಿ.

ಎರಡನೆಯ ತೊಂದರೆಗೆ ಕಾರಣ ಕೋಣೆಗೊಂದರಂತೆ ಇರುವ ಬಾಯ್ಲರ್. 80 ಲೀಟರ್ ನೀರು 60 ಡಿಗ್ರಿಯಲ್ಲಿದ್ದರೆ ತಣ್ಣೀರು ಬೆರೆತು ಮೈಗೆ ಹಿತವಾದ ಸುಮಾರು 140 ಲೀಟರ್ ಆಗುತ್ತದೆ. ಷವರ್ ನಿಮಿಷಕ್ಕೆ 9-10 ಲೀಟರ್ ಸುರಿಸಿದರೆ ಒಟ್ಟು ಕಾಲು ಗಂಟೆ, ಅಷ್ಟೇ. ಮತ್ತೆ ಕಾಯಲು ಗಂಟೆಗಳು ಬೇಕು. ಒಬ್ಬರು ರಾತ್ರಿ, ಒಬ್ಬರು ಬೆಳಿಗ್ಗೆ ಎಂದು ಹಂಚಿಕೊಂಡರೆ ತಕರಾರಿಲ್ಲ. ಕೇಂದ್ರೀಯ ವ್ಯವಸ್ಥೆ ಇರುವ ಹೋಟೆಲ್‌ಗಳಲ್ಲಿ ಈ ಮಿತಿ ಕಾಡುವುದಿಲ್ಲ, ಆದರೆ ನೀರು ಬಿಸಿಯಾಗಿ ಬರಲು ಒಂದೆರಡು ನಿಮಿಷ ಹರಿಯಬೇಕಾಗುತ್ತದೆ.

ನಮ್ಮ ಚಾರ್ಜರ್, ಕೆಟಲ್, ಪುಟ್ಟ ರೈಸ್ ಕುಕ್ಕರ್ ಅಲ್ಲಿ ಕೆಲಸ ಮಾಡುತ್ತಾ?

ವೋಲ್ಟೇಜ್ ನಮ್ಮದೇ, 230 ವೋಲ್ಟ್, 50 ಹರ್ಟ್ಸ್. ಪರಿವರ್ತಕ ಬೇಡ, ಪಿನ್ನು ಮಾತ್ರ ಬೇರೆ. ಇಟಲಿಯ ಸಾಕೆಟ್‌ನಲ್ಲಿ ಒಂದೇ ಸಾಲಿನಲ್ಲಿ ಮೂರು ತೂತುಗಳಿರುತ್ತವೆ. ಮೊಬೈಲ್ ಚಾರ್ಜರಿನ 4 ಮಿಲಿಮೀಟರ್ ದಪ್ಪದ ಎರಡು ಉರುಟು ಪಿನ್ನು ಅದಕ್ಕೆ ನೇರ ಕೂರುತ್ತದೆ. ಲ್ಯಾಪ್‌ಟಾಪಿನ ನಮ್ಮ ದಪ್ಪ ಮೂರು ಪಿನ್ನು ಕೂರುವುದಿಲ್ಲ, ಒತ್ತಿ ತೂರಿಸಲು ಹೋಗಿ ಸಾಕೆಟ್ ಒಡೆದವರಿದ್ದಾರೆ. ‘ಇಟಲಿ, ಎಲ್ ಮಾದರಿ’ ಎಂದು ಬರೆದಿರುವ ಅಡಾಪ್ಟರ್ ಊರಿನಿಂದಲೇ ತನ್ನಿ. ‘ಯುರೋಪ್’ ಎಂದಷ್ಟೇ ಬರೆದಿರುವ ಜರ್ಮನ್ ಮಾದರಿಯ ದಪ್ಪ ಪ್ಲಗ್ ಹಳೇ ಸಾಕೆಟ್‌ಗಳಿಗೆ ಹಿಡಿಯದು.

ಕುಕ್ಕರ್ ಬೇಡ. ಕೋಣೆಯಲ್ಲಿ ಅಡುಗೆ, ಊದುಬತ್ತಿ, ದೀಪ ಮೂರೂ ಹೊಗೆ ಸಂವೇದಕವನ್ನು ಎಬ್ಬಿಸುತ್ತವೆ. ಕೆಟಲ್ ಮತ್ತು ಹೇರ್ ಡ್ರೈಯರ್ ಒಟ್ಟಿಗೆ ಹಾಕಿದರೆ ಕೋಣೆಯ ಬ್ರೇಕರ್ ಬಿದ್ದು ಕತ್ತಲಾಗುವುದುಂಟು. ಬಿಸಿನೀರು ಕೆಳಗೆ ಕೇಳಿದರೆ ಕೊಡುತ್ತಾರೆ, ಉಪ್ಪಿಟ್ಟು ಮಿಕ್ಸ್‌ಗೆ ಅಷ್ಟು ಸಾಕು.

ಎಸಿ ಯಾಕೆ ಸರಿಯಾಗಿ ತಣ್ಣಗಾಗಲ್ಲ? ಕಿಟಕಿ ತೆಗೆದ್ರೆ ಸೊಳ್ಳೆ.

ಯುನೆಸ್ಕೊ ಪಟ್ಟಿಗೆ 1982ರಲ್ಲಿ ಸೇರಿದ ಊರು ಇದು, ಬೀದಿಗೆ ಕಾಣುವಂತೆ ಹೊರಘಟಕ ತೂಗಿಹಾಕಲು ಬಿಡುವುದಿಲ್ಲ. ಯಂತ್ರಗಳು ಅಂಗಳದಲ್ಲೋ ಚಾವಣಿಯಲ್ಲೋ ದೂರ ಇರುತ್ತವೆ, ಅದಕ್ಕೇ ತಂಪು ಕಡಿಮೆ. ಎಸಿಗಿಂತ ಪರಿಣಾಮಕಾರಿ ಉಪಾಯ ಊರಿನವರದ್ದು: ಬೆಳಿಗ್ಗೆ ಹೊರಡುವಾಗ ಹಸಿರು ಮರದ ಪಟ್ಟಿ-ಬಾಗಿಲುಗಳನ್ನು (‘ಪೆರ್ಸಿಯಾನೆ’) ಮುಚ್ಚಿ. ಕೆಳಗಿನ ಅರ್ಧಭಾಗವನ್ನು ಹೊರಕ್ಕೆ ತಳ್ಳಿದರೆ ಬಿಸಿಲು ಬರದೆ ಗಾಳಿ ಬರುತ್ತದೆ. ದಪ್ಪ ಕಲ್ಲುಗೋಡೆ ದಿನವಿಡೀ ತಂಪು ಹಿಡಿದಿಡುತ್ತದೆ. ಹಗಲು ಕಿಟಕಿ ತೆರೆದಿಟ್ಟು ಹೋದರೆ ಅದೇ ಗೋಡೆ ರಾತ್ರಿಯಿಡೀ ಸೆಕೆ ಬಿಡುತ್ತದೆ. ಸೊಳ್ಳೆ ಪರದೆ ಹಲವು ಕಡೆ ಇಲ್ಲ, ಆರ್ನೊ ನದಿಯ ಊರು ಬೇರೆ. ಪ್ಲಗ್‌ಗೆ ಹಾಕುವ ಸೊಳ್ಳೆ ದ್ರವ ಕೇಳಿ ಪಡೆಯಿರಿ.

ಚಳಿಗಾಲದಲ್ಲಿ ಇದರ ತಿರುವು-ಮುರುವು. ಫ್ಲಾರೆನ್ಸ್ ಸೇರಿರುವ ‘ಡಿ’ ಹವಾವಲಯದಲ್ಲಿ ಕಟ್ಟಡಗಳ ಕೇಂದ್ರೀಯ ಹೀಟಿಂಗ್ ಅವಧಿ ನವೆಂಬರ್ 1ರಿಂದ ಏಪ್ರಿಲ್ 15. ಅಕ್ಟೋಬರ್ ಕೊನೆಯಲ್ಲಿ ಬಂದು ಥಂಡಿ ಹಿಡಿಸಿಕೊಂಡವರು, ಹೋಟೆಲಿಗೆ ಸ್ವಂತ ಹೀಟಿಂಗ್ ಇದೆಯೇ, ಇಡೀ ಕಟ್ಟಡದ್ದೇ ಎಂದು ಮೊದಲೇ ಕೇಳಿದ್ದರೆ ಸ್ವೆಟರ್ ತರುತ್ತಿದ್ದರು.

ವೈಫೈ ಹಾಸಿಗೆ ಹತ್ರ ಬರಲ್ಲ.

ಅರ್ಧ ಮೀಟರಿಗೂ ದಪ್ಪದ ಗೋಡೆ. ಕೋಣೆಯ ಬಾಗಿಲ ಬಳಿ ಕೂತು ನೋಡಿ. ಮೀಟಿಂಗ್ ಇದ್ದರೆ ತಿಂಡಿ ಕೋಣೆಗೆ ಹೋಗಿ.

## ಊಟ, ತಿಂಡಿ, ನೀರು

ಬೆಳಗಿನ ತಿಂಡಿಗೆ ಸಿಹಿ ಬಿಟ್ಟು ಬೇರೇನೂ ಇಲ್ವಾ?

ಊರಿನವರ ತಿಂಡಿ ಒಂದು ಕಾಪುಚಿನೊ, ಒಂದು ಸಿಹಿ ಕೊರ್ನೆತ್ತೊ (ಕ್ರೊಸಾಂಟ್ ಥರದ್ದು), ನಿಂತಲ್ಲೇ ಮುಗಿಯುತ್ತದೆ. ಸಣ್ಣ ಹೋಟೆಲ್‌ಗಳು ಅದಕ್ಕೆ ಹಣ್ಣು, ಮೊಸರು, ಚೀಸ್, ಹ್ಯಾಮ್ ಸೇರಿಸುತ್ತವೆ. ಬಿಸಿ ಅಡುಗೆ ಇರಬೇಕೆಂದಿಲ್ಲ. ಖಾರ ಬೇಕೆನ್ನುವವರು ಹತ್ತಿರದ ಬೇಕರಿಯಲ್ಲಿ ‘ಸ್ಕಿಯಾಚಾತಾ’ ಕೇಳಿ: ಎಣ್ಣೆ, ಉಪ್ಪು ಹಾಕಿ ಸುಟ್ಟ ಚಪ್ಪಟೆ ರೊಟ್ಟಿ. ಮೇಜಿನ ಮೇಲಿನ ಬ್ರೆಡ್ ಸಪ್ಪೆ ಎಂದು ದೂರಬೇಡಿ, ಟಸ್ಕನಿಯ ಬ್ರೆಡ್‌ಗೆ ಉಪ್ಪು ಹಾಕುವುದೇ ಇಲ್ಲ.

ಶುದ್ಧ ಸಸ್ಯಾಹಾರಿಗಳು. ಪಾಸ್ತಾ ತಿಂದ್ರೆ ಆಯ್ತಲ್ಲ?

ಅಷ್ಟು ಸಲೀಸಲ್ಲ. ಪಾರ್ಮೆಜಾನೊ ರೆಜ್ಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ರೆನೆಟ್‌ನಿಂದಲೇ ಮಾಡಬೇಕೆಂದು ಅದರ ನಿಯಮ. ಕಟ್ಟುನಿಟ್ಟಿನವರು ‘ಸೆನ್ಸಾ ಫೊರ್ಮಾಜೊ’ (ಚೀಸ್ ಇಲ್ಲದೆ) ಎನ್ನಬೇಕು. ಮೊಟ್ಟೆ ತಿನ್ನದವರಿಗೆ ಪೊಟ್ಟಣದ ಒಣ ಪಾಸ್ತಾ ಸುರಕ್ಷಿತ, ಅದು ಗೋಧಿ ರವೆ ಮತ್ತು ನೀರು. ಅಂದೇ ಮಾಡಿದ ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಸೂಪಿನ ‘ಬ್ರೋದೊ’ ಮಾಂಸದ ಕಟ್ಟು ಆಗಿರಬಹುದು. ಪಾನ್ನಾ ಕೊತ್ತಾದಲ್ಲಿ ಜೆಲಟಿನ್.

ಆದರೂ ಟಸ್ಕನಿಯ ರೈತರ ಅಡುಗೆ ನಮಗೆ ಒಗ್ಗುವಂಥದ್ದೇ. ಟೊಮೇಟೊ, ಹಳೆ ಬ್ರೆಡ್ ಬೇಯಿಸಿದ ‘ಪಾಪ್ಪಾ ಅಲ್ ಪೊಮೊದೊರೊ’, ಬೇಸಿಗೆಯಲ್ಲಿ ‘ಪಾನ್ಸಾನೆಲ್ಲಾ’ ಎಂಬ ಬ್ರೆಡ್ ಸಲಾಡ್, ಬಿಳಿ ಅವರೆಯಂಥ ಕಾಳಿನ ‘ಫಜೋಲಿ ಅಲ್ಲುಚ್ಚೆಲ್ಲೆತ್ತೊ’. ಕರಿ ಎಲೆಕೋಸಿನ ‘ರಿಬೊಲ್ಲೀತಾ’ ಕೂಡ ಒಳ್ಳೆಯದು, ಕೆಲವರು ಹಂದಿಯ ಚರ್ಮದ ತುಂಡು ಹಾಕಿ ಕುದಿಸುತ್ತಾರೆ, ಕೇಳಿಯೇ ತಿನ್ನಿ. ಏನು ತಿನ್ನುತ್ತೀರಿ ಎನ್ನುವುದಕ್ಕಿಂತ ಏನು ತಿನ್ನುವುದಿಲ್ಲ ಎಂಬುದನ್ನು ರಿಸೆಪ್ಷನ್‌ನವರಿಂದ ಇಟಾಲಿಯನ್‌ನಲ್ಲಿ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅಡುಗೆಮನೆಗೆ ಆ ಚೀಟಿ ಹೋದರೆ ಮಾಣಿಯ ಇಂಗ್ಲಿಷ್ ಹೇಗಿದ್ದರೂ ನಡೆಯುತ್ತದೆ. ಮಧ್ಯಾಹ್ನದ ಅಡುಗೆಮನೆ ಎರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ರಾತ್ರಿ ಏಳೂವರೆಯ ಹೊತ್ತಿಗೆ.

ನಲ್ಲಿ ನೀರು ಕುಡಿಯಬಹುದಾ?

ಧಾರಾಳವಾಗಿ. ಸ್ವಲ್ಪ ಗಡಸು ರುಚಿ. ಪಿಯಾಝಾ ದೆಲ್ಲಾ ಸಿಞೊರಿಯಾದಲ್ಲಿ ಪಲಾಝೊ ವೆಕ್ಕಿಯೊ ಪಕ್ಕ ಪುಕ್ಕಟೆ ನೀರಿನ ನಲ್ಲಿ ಇದೆ, ಗ್ಯಾಸ್ ಇರುವುದೂ ಇಲ್ಲದ್ದೂ ಎರಡೂ ಬರುತ್ತವೆ.

## ಊರೊಳಗೆ, ಹೊರಡುವಾಗ

ಸೋಮವಾರ ಒಂದೇ ದಿನ ಇದೆ. ಉಫಿತ್ಸಿ ನೋಡಬಹುದಾ?

ಆಗದು. ಉಫಿತ್ಸಿ, ಅಕಾದೆಮಿಯಾ ಕಲಾ ಸಂಗ್ರಹಾಲಯಗಳು, ಪಿತ್ತಿ ಅರಮನೆ ಮೂರಕ್ಕೂ ಸೋಮವಾರ ರಜೆ. ಉಳಿದ ದಿನಗಳಿಗೆ ವಾರಗಳ ಮೊದಲೇ ಅಧಿಕೃತ ತಾಣದಲ್ಲಿ ಸಮಯ ಕಾದಿರಿಸಿ. 18 ವರ್ಷದೊಳಗಿನವರಿಗೆ ಯಾವ ದೇಶದವರಾದರೂ ಸರ್ಕಾರಿ ಸಂಗ್ರಹಾಲಯಗಳಲ್ಲಿ ಪ್ರವೇಶ ಉಚಿತ, ಕಾದಿರಿಸುವ ಶುಲ್ಕ ಇರುತ್ತದೆ. ಡುವೊಮೊ ಮೇಲಿನ ಬ್ರುನೆಲ್ಲೆಸ್ಕಿಯ ಗುಮ್ಮಟಕ್ಕೆ 463 ಮೆಟ್ಟಿಲು, ಜೊತ್ತೊ ಗಂಟೆಗೋಪುರಕ್ಕೆ 414, ಎರಡಕ್ಕೂ ಲಿಫ್ಟ್ ಇಲ್ಲ. ಮಂಡಿ ನೋವಿರುವವರಿಗೆ ಟಿಕೆಟ್ ತೆಗೆಸಬೇಡಿ, ಗುಮ್ಮಟದ ದಾರಿಯಲ್ಲಿ ನಡುವೆ ಹಿಂದಿರುಗುವುದು ಕಷ್ಟ. ಕೆಥೆಡ್ರಲ್‌ಗೆ ಭುಜ, ಮಂಡಿ ಮುಚ್ಚಿರಬೇಕು. ಸೀರೆ, ಚೂಡಿದಾರ್ ತೊಟ್ಟವರಿಗೆ ಈ ತಾಪತ್ರಯವೇ ಇಲ್ಲ.

ಗದ್ದಲ ಬೇಡ, ಊರಿನವರು ಹೋಗೋ ಜಾಗ ಹೇಳಿ.

ಕಾಶಿನೆ ಉದ್ಯಾನದ ಪಶ್ಚಿಮ ತುದಿಗೆ ನಡೆಯಿರಿ. ಆರ್ನೊ ಮತ್ತು ಮುಞೊನೆ ಸೇರುವಲ್ಲಿ ಛತ್ರಿಯಂಥ ಒಂದು ಸ್ಮಾರಕ ಮಂಟಪ ಇದೆ. ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರದ ತರುಣ ದೊರೆ ರಾಜಾರಾಮ ಮಹಾರಾಜರು ಲಂಡನ್‌ನಿಂದ ಹಿಂದಿರುಗುವಾಗ 1870ರ ನವೆಂಬರ್‌ನಲ್ಲಿ ಫ್ಲಾರೆನ್ಸ್‌ನ ಹೋಟೆಲೊಂದರಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ನಡೆದದ್ದು ಈ ನದೀಸಂಗಮದಲ್ಲಿ, ಸ್ಮಾರಕ 1874ರದ್ದು. ಪಕ್ಕದ ಸೇತುವೆಯನ್ನು ಊರಿನವರು ಇಂದಿಗೂ ‘ಇಂಡಿಯನ್ನನ ಸೇತುವೆ’ ಎನ್ನುತ್ತಾರೆ. ಡುವೊಮೊದಿಂದ ಐದು ಕಿಲೋಮೀಟರಿನ ಆಸುಪಾಸು, ಸಂಜೆ ಕತ್ತಲಾಗುವ ಮೊದಲು ಹಿಂದಿರುಗಿ.

ಪೊಂತೆ ವೆಕ್ಕಿಯೊ ಹತ್ರ ಬ್ರ್ಯಾಂಡೆಡ್ ಬ್ಯಾಗ್ ಅಗ್ಗಕ್ಕೆ ಕೊಡ್ತಾರೆ, ತಗೊಳ್ಳಬಹುದಾ?

ನಕಲಿ ಮಾಲು ಕೊಂಡವರಿಗೂ ಇಲ್ಲಿ ದಂಡ ಇದೆ, 300ರಿಂದ 7000 ಯೂರೊವರೆಗೆ. ಅಸಲಿ ಚರ್ಮ ಅಂಗಡಿಯಲ್ಲಿ ಕೊಳ್ಳಿ. ಒಂದೇ ಬಿಲ್ಲು 70 ಯೂರೊ ದಾಟಿದರೆ ವ್ಯಾಟ್ ಮರುಪಾವತಿ ಅರ್ಜಿ ಕೇಳಿ (2024ರ ಫೆಬ್ರವರಿಗೂ ಮೊದಲು ಮಿತಿ ಇದರ ಎರಡರಷ್ಟಕ್ಕಿಂತಲೂ ಹೆಚ್ಚು ಇತ್ತು). ಹೋಟೆಲ್ ಬಿಲ್ಲಿನ ಶೇ 10 ವ್ಯಾಟ್ ವಾಪಸ್ ಬರುವುದಿಲ್ಲ.

ಟಿಪ್ಸ್ ಎಷ್ಟು ಕೊಡಬೇಕು?

ಕಡ್ಡಾಯ ಇಲ್ಲ. ಊಟದ ಬಿಲ್ಲಿನ ‘ಕೊಪೆರ್ತೊ’ ಮೇಜಿನ ಶುಲ್ಕ, ಅದು ಟಿಪ್ಸ್ ಅಲ್ಲ, ಕೊಡಲೇಬೇಕು. ಹೋಟೆಲಿನಲ್ಲಿ ಪೆಟ್ಟಿಗೆ ಹೊತ್ತವರಿಗೆ, ಕೋಣೆ ಚೊಕ್ಕಟ ಮಾಡಿದವರಿಗೆ ಒಂದೆರಡು ಯೂರೊ ಇಟ್ಟರೆ ಸಂತೋಷ.

ರೂಮ್ ಬಗ್ಗೆ ಬೇಜಾರಾಗಿದೆ. ಹೋಗುವಾಗ ರಿವ್ಯೂನಲ್ಲಿ ಬರೆದ್ರೆ ಸಾಕಾ?

ಬರೆಯಿರಿ, ಆದರೆ ಅದರಿಂದ ನಿಮ್ಮ ನಿದ್ದೆ ವಾಪಸ್ ಬರುವುದಿಲ್ಲ. ಹನ್ನೆರಡು ಕೋಣೆಗಳ ಹೋಟೆಲಿನಲ್ಲಿ ಬದಲಿ ಕೋಣೆ ಸಿಗುವುದು ಮೊದಲ ದಿನ ಸಂಜೆಯೊಳಗೆ ಹೇಳಿದರೆ ಮಾತ್ರ, ಮರುದಿನದ ಅತಿಥಿಗಳನ್ನು ಕೂರಿಸಿಯಾದ ಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಪೆಟ್ಟಿಗೆ ಬಿಚ್ಚುವ ಮೊದಲು ನಲ್ಲಿ, ಎಸಿ, ಕಿಟಕಿ, ಮಂಚ ನಾಲ್ಕನ್ನೂ ನೋಡಿ. ತೊಂದರೆ ಇದ್ದರೆ ಚಿತ್ರ ಸಮೇತ ಮೇಲ್ ಮಾಡಿ, ಏನು ಬೇಕೆಂದು ಖಚಿತವಾಗಿ ಬರೆಯಿರಿ: ಕೋಣೆ ಬದಲಿಯೋ, ರಿಪೇರಿಯೋ, ದರ ಕಡಿತವೋ. ಸಣ್ಣ ಹೋಟೆಲಿನಲ್ಲಿ ಆ ಮೇಲ್ ಓದುವವರು ಹೆಚ್ಚಾಗಿ ಮಾಲೀಕರೇ.

ಬೆಳಿಗ್ಗೆ ಐದಕ್ಕೆ ಹೊರಡಬೇಕು, ಅವತ್ತೇ ರೈಲು ಮುಷ್ಕರ ಅಂತೆ. ಏನ್ಮಾಡೋದು?

ಮುಷ್ಕರ ಇಲ್ಲಿ ಮೊದಲೇ ಘೋಷಿತವಾಗುತ್ತದೆ, ಸಾರಿಗೆ ಸಚಿವಾಲಯದ ತಾಣದಲ್ಲಿ ಪಟ್ಟಿ ಸಿಗುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಪ್ರಾದೇಶಿಕ ರೈಲುಗಳ ಕನಿಷ್ಠ ಸೇವೆ ಖಾತ್ರಿ. ರೋಮ್‌ನಿಂದ ವಿಮಾನ ಇದ್ದರೆ ಹಿಂದಿನ ಸಂಜೆಯೇ ಹೊರಟುಬಿಡುವುದು ಜಾಣತನ.

ಮುಷ್ಕರ ಇಲ್ಲದ ದಿನವೂ ಐದಕ್ಕೆ ಹೊರಡುವುದಾದರೆ ಹಿಂದಿನ ರಾತ್ರಿ ನಾಲ್ಕು ಕೆಲಸ ಮುಗಿಸಿ: ಬಿಲ್ಲು ಮತ್ತು ವಸತಿ ತೆರಿಗೆ ಕಟ್ಟುವುದು, ಟ್ಯಾಕ್ಸಿ ಹೇಳಿಸುವುದು, ಕಟ್ಟಿದ ತಿಂಡಿ ಕೇಳುವುದು, ಕೀಲಿ ಎಲ್ಲಿ ಬಿಡಬೇಕೆಂದು ತಿಳಿದುಕೊಳ್ಳುವುದು. ಹಿತ್ತಾಳೆ ಗುಂಡಿನ ಭಾರದ ಕೀಲಿ ಚೀಲದಲ್ಲೇ ಬೆಂಗಳೂರಿಗೆ ಬಂದುಬಿಡುವುದುಂಟು. ಹಾಗಾದರೆ ಕೂಡಲೇ ಮೇಲ್ ಮಾಡಿ, ರಿಜಿಸ್ಟರ್ಡ್ ಅಂಚೆಯಲ್ಲಿ ವಾಪಸ್ ಕಳಿಸಿ. ಬೀದಿ ಬಾಗಿಲಿನದ್ದೂ ಆ ಗೊಂಚಲಲ್ಲಿದ್ದರೆ ಇಡೀ ಕಟ್ಟಡದ ಬೀಗ ಬದಲಿಸಬೇಕಾಗಬಹುದು, ಆ ಖರ್ಚು ನಿಮ್ಮ ಕಾರ್ಡಿಗೇ ಬರುತ್ತದೆ.